ಜಾಗ ಸಾಲದೆ ಬಿಟ್ಟ ಪ್ಯಾರಾ

ಸುದ್ದಿಯನ್ನು ಬಾಲದಿಂದ ಕತ್ತರಿಸಬೇಕು. ಕೊಯಮತ್ತೂರಿನ ತಮಿಳು ಪತ್ರಿಕೆಯೊಂದಕ್ಕೆ ಸೇರಿದಾಗ ನಾನು ಕಲಿತ ಮೊದಲ ಪಾಠ ಇದು. ಮುಖ್ಯವಾದದ್ದೆಲ್ಲ ಮೇಲೆಯೇ ಇರುತ್ತದೆ ಎಂಬ ನಂಬಿಕೆ.

ನನ್ನ ತಂಗಿಯ ಸಂಶೋಧನೆ ಕ್ರೋಮೋಸೋಮಿನ ತುದಿಗಳ ಕುರಿತದ್ದು. ಜೀವಕೋಶ ಒಡೆದು ಎರಡಾದಾಗಲೆಲ್ಲ ತುದಿ ತುಸು ಸವೆಯುತ್ತದೆ; ಒಳಗಿನ ಬರಹ ಉಳಿಯುತ್ತದೆ. ತುದಿಯಲ್ಲಿ ಕೆಲವೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ: ಮನುಷ್ಯನಿಗೂ ಇಲಿಗೂ ಅವೇ ಆರು, ರೇಷ್ಮೆಹುಳಕ್ಕೆ ಐದು. ಕರುಮತ್ತಂಪಟ್ಟಿಯ ನಮ್ಮ ಮನೆಯಲ್ಲಿ ಇದನ್ನು ವಿವರಿಸಲು ಅವಳಿಗೆ ಕಷ್ಟವಾಗಲಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸುನೂಲನ್ನು ಯಾರೂ ಕೊನೆಯವರೆಗೆ ನೇಯುವುದಿಲ್ಲ. ಸ್ವಲ್ಪ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆಯುತ್ತಾರೆ. ಅಮ್ಮನ ಕೆಲಸವೇ ಅದು.

“ಹಂಗಾದ್ರೆ ತುದಿ ಉದ್ದ ಇರೋರು ಜಾಸ್ತಿ ದಿವ್ಸ ಇರ್ತಾರಾ?” ಎಂದು ಅಮ್ಮ ಕೇಳಿದಳು.

“ಇಲ್ಲಮ್ಮಾ. ಇಲಿಗೆ ನಮಗಿಂತ ಎಷ್ಟೋ ಉದ್ದ. ಎರಡು ಮೂರು ವರ್ಷಕ್ಕೆ ಸತ್ತೋಗುತ್ತೆ. ಉದ್ದ ನೋಡಿ ಆಯಸ್ಸು ಹೇಳಕ್ಕಾಗಲ್ಲ. ಅಷ್ಟು ಹೇಳಕ್ಕೇ ನಾಲ್ಕು ವರ್ಷ ಆಯ್ತು ನಂಗೆ.”

ಅವಳ ಬಗ್ಗೆ ನಾನು ಬರೆದ ಲೇಖನದ ಕೊನೆಯ ಪ್ಯಾರಾದಲ್ಲಿ ಈ ಮಾತಿತ್ತು. ಅದು ಇರಲೇಬೇಕು ಎಂದು ಅವಳು ಕೇಳಿದ್ದಳು, ನಾನು ಒಪ್ಪಿದ್ದೆ. ಸಂಜೆ ಒಂದು ಜಾಹೀರಾತು ಬಂತು, ಜಾಗ ಹೋಯಿತು. ಅವಳ ಶಾಲೆಯ ದಿನಗಳ ಪ್ಯಾರಾ ತೆಗೆಯಬಹುದಿತ್ತು. ಕೈ ಬಾಲಕ್ಕೇ ಹೋಯಿತು. ಉಳಿದದ್ದನ್ನು ಓದಿದ ನಮ್ಮ ಕಚೇರಿಯ ಯಾರೋ ‘ತುದಿ ಉದ್ದವಿದ್ದರೆ ಆಯಸ್ಸು ಉದ್ದ’ ಎಂದು ತಲೆಬರಹ ಕೊಟ್ಟರು.

“ನೀನೇ ಬರೆದದ್ದಾ ಅಣ್ಣಾ ಇದು?” ಬೆಳಿಗ್ಗೆ ತಂಗಿಯ ಫೋನು. ಅವಳ ಮಾರ್ಗದರ್ಶಕರು ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಹೀಗೆ ಹೇಳಿದವಳು ನೀನೇ ಏನು ಎಂದು ಕೇಳಿದ್ದರು. ಅಣ್ಣ ಕತ್ತರಿಸಿದ ಎಂಬುದನ್ನು ಅವರು ನಂಬಲಿಲ್ಲ. ಮುಂದಿನ ಯೋಜನೆಯಲ್ಲಿ ಅವಳ ಹೆಸರಿರಲಿಲ್ಲ. ನಾವು ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಅದನ್ನು ಓದಿದೆ ಎಂದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ.

“ಮಗ್ಗದ ಮನೇಲಿ ಹುಟ್ಟಿ ತುದೀಗೇ ಕತ್ರಿ ಹಾಕ್ದೆಯಲ್ಲೋ,” ಎಂದಳು ಅಮ್ಮ. ನೂಲು ಹೊಸೆಯುವುದನ್ನು ನಿಲ್ಲಿಸಲಿಲ್ಲ, ನನ್ನತ್ತ ನೋಡಲೂ ಇಲ್ಲ.

ತಂಗಿ ಈಗ ತುಡಿಯಲೂರಿನ ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿದ್ದಾಳೆ. ಪೊಂಗಲ್ಲಿಗೆ ಮನೆಗೆ ಬಂದಿದ್ದಾಗ, ಕೆಲಸ ಹೇಗಿದೆ ಎಂದು ಕೇಳಿದೆ.

“ಯಾಕೆ, ನಾಳೆ ಪೇಪರಲ್ಲಿ ಜಾಗ ಇದೆಯಾ?” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.