ಒಣ ಗಾಳಿಯಲ್ಲಿ ಪಾಸಾದ ಸೆನ್ಸರ್

ಕಳೆದ ತಿಂಗಳು ನಾನು ಬಿಟ್ಟ ಒಂದೇ ಒಂದು ಉಸಿರಿಗೆ ಒಬ್ಬ ಹುಡುಗಿಯ ಪಿಎಚ್‌ಡಿ ನಿಂತುಹೋಯಿತು.

ಉತ್ಪ್ರೇಕ್ಷೆ ಅಂದುಕೊಂಡಿರಾ? ಅವಳ ಅಪ್ಪನನ್ನು ಕೇಳಿ ನೋಡಿ.

ಹುಡುಗಿಯ ಹೆಸರು ಚೈತ್ರಾ. ವಿಜಯನಗರದಲ್ಲಿ ನಮ್ಮ ಕೆಳಗಿನ ಮನೆಯವಳು. ಅಪ್ಪ ಶಿವಣ್ಣ ದಾವಣಗೆರೆ ಕಡೆಯವರು, ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಚೈತ್ರಾ ದಿನಾ ಮೆಟ್ರೊ ಹತ್ತಿ ಕೆಂಗೇರಿ ಕಡೆಗೆ ಹೋಗುತ್ತಾಳೆ. ಅಲ್ಲೊಂದು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಅವಳ ಸಂಶೋಧನೆ. ನಮ್ಮ ಬೀದಿಯಲ್ಲಿ ಅವಳು ‘ಅದೇನೋ ಸೈನ್ಸ್ ಮಾಡೋ ಹುಡುಗಿ’. (ಇನ್ನೂ ಯಾಕೆ ಮದುವೆಯಾಗಿಲ್ಲ ಅನ್ನುವುದು ಎರಡನೇ ಪರಿಚಯ.)

“ಅದೇನು ಮಾಡ್ತೀಯ ಅಂತ ಒಂದ್ಸಲ ತೋರಿಸೇ, ಬರೀತೀನಿ” ಎಂದು ನಾನೇ ಗಂಟುಬಿದ್ದೆ.

“ಬನ್ನಿ ಆಂಟಿ. ತೋರ್ಸೋಕೆ ಈಗ ಏನೋ ಒಂದಿದೆ” ಎಂದಳು. ದನಿಯಲ್ಲಿ ಹೆಮ್ಮೆ ಇತ್ತು. ಇರಬೇಕಾದ್ದೇ.

ಲ್ಯಾಬ್ ಅಂದರೆ ಬಣ್ಣದ ನೀರು ಕುದಿಯುವ ಗಾಜಿನ ಬುರುಡೆಗಳು ಅಂದುಕೊಂಡು ಹೋದವಳು ನಾನು. ಅಲ್ಲಿದ್ದದ್ದು ಗುರ್ ಅನ್ನುವ ಪಂಪುಗಳು, ಪುಟ್ಟದೊಂದು ಕುಲುಮೆ, ವೈರುಗಳ ಗೋಜಲು. ಬೆಳಕು ಬಿದ್ದರೆ, ಬಿಸಿ ತಾಗಿದರೆ, ಗ್ಯಾಸ್ ಸೋಕಿದರೆ ಕೆಲವು ವಸ್ತುಗಳಲ್ಲಿ ಹರಿಯುವ ಕರೆಂಟು ಹೆಚ್ಚುಕಡಿಮೆಯಾಗುತ್ತದೆ. ಅಂಥ ವಸ್ತುಗಳನ್ನು ತಯಾರಿಸಿ ಅವುಗಳಿಂದ ಎಲೆಕ್ಟ್ರಾನಿಕ್ ಸಾಧನ ಮಾಡುವುದು ಅವಳ ಸಂಶೋಧನಾ ಗುಂಪಿನ ಕೆಲಸ.

ಚೈತ್ರಾಳ ಸೆನ್ಸರ್ ಅಂದರೆ ಉಗುರಿನಗಲದ ಗಾಜಿನ ಚೂರು. ಅದರ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಪದರ. ಕೊಳೆತ ಮೊಟ್ಟೆಯ ವಾಸನೆಯ, ಮ್ಯಾನ್‌ಹೋಲ್‌ಗಳಲ್ಲಿ ಜನರನ್ನು ಕೊಲ್ಲುವ ಗ್ಯಾಸ್ ಇದೆಯಲ್ಲ, ಅದು ಸ್ವಲ್ಪ ಸೋಕಿದರೂ ಕಂಪ್ಯೂಟರಿನಲ್ಲಿ ಗೆರೆ ಏರುತ್ತದೆ. ಮುಚ್ಚಳ ತೆಗೆದು ಇದನ್ನು ಇಳಿಬಿಟ್ಟರೆ ಸಾಕು, ಒಳಗೆ ಸಾವಿದೆಯೋ ಇಲ್ಲವೋ ತಿಳಿಯುತ್ತದೆ. (ಮನುಷ್ಯರನ್ನು ಇಳಿಸಬಾರದೆಂದು ಕಾನೂನಿದೆ. ಆದರೂ ಇಳಿಸುತ್ತಾರೆ.)

ಪೇಪರ್ ರೆಡಿಯಾಗಿತ್ತು. ಸೋಮವಾರ ಜರ್ನಲ್‌ಗೆ ಕಳಿಸುವುದೊಂದೇ ಬಾಕಿ. ಪೇಪರ್ ಬಂದರೆ ಥೀಸಿಸ್. ಥೀಸಿಸ್ ಆದರೆ ತಡೆದಿಟ್ಟಿದ್ದ ಮದುವೆ ಮಾತುಕತೆ. ಫೆಲೋಶಿಪ್ ಅವಧಿ ಬೇರೆ ಮುಗಿಯುತ್ತಾ ಬಂದಿತ್ತು.

“ಗ್ಯಾಸ್ ಸಿಲಿಂಡರ್ ಬಂದ್ ಮಾಡಿದೀನಿ, ಹೆದರ್ಕೋಬೇಡಿ” ಎಂದು ಅವಳು ಆ ಚೂರನ್ನಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದಳು. ನಾನು ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ, “ಇಷ್ಟೇನಾ!” ಎಂದೆ.

ಗೆರೆ ಸರ್ರನೆ ಏರಿತು.

ಅವಳ ಜೊತೆಯ ಸಂಶೋಧಕ ನವೀನ್ ಜೋರಾಗಿ ನಕ್ಕ. “ಚೈತ್ರಾ, ಮೇಡಂ ಉಸಿರಲ್ಲೇ ಪಾಯ್ಸನ್ ಇದೆ ಕಣೇ!” ನಾನೂ ನಕ್ಕೆ. ಅಂಕಣ ಬರೆಯುವವಳ ಉಸಿರಲ್ಲಿ ಇನ್ನೇನಿರುತ್ತದೆ?

ಚೈತ್ರಾ ನಗಲಿಲ್ಲ. “ಇನ್ನೊಂದ್ಸಲ ಊದಿ ಆಂಟಿ.”

ಊದಿದೆ. ಮತ್ತೆ ಏರಿತು. ಅವಳು ಒದ್ದೆ ಹತ್ತಿಯನ್ನು ಹತ್ತಿರ ಹಿಡಿದಳು. ಆಗಲೂ ಏರಿತು. ಗೆರೆಯನ್ನು ಏರಿಸುತ್ತಿದ್ದದ್ದು ನನ್ನ ಉಸಿರಿನಲ್ಲಿದ್ದ ನೀರಿನ ಆವಿ.

ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಮಾಡಿದ್ದು ಇನ್ನೊಂದು ಸಿಲಿಂಡರಿನಿಂದ ಬಿಡುವ ಒಣ ಗಾಳಿಯಲ್ಲಿ. ಮೊದಲ ಹಂತದಲ್ಲಿ ಎಲ್ಲರೂ ಹಾಗೇ ಮಾಡುವುದಂತೆ.

“ಯಾಕೆ ತಲೆ ಕೆಡಿಸ್ಕೋತೀಯ? ಡ್ರೈ ಏರ್ ಅಂತ ಪೇಪರ್‌ನಲ್ಲೇ ಬರ್ದಿದೀವಲ್ಲ” ಎಂದ ನವೀನ್. ಕೆಟ್ಟ ಹುಡುಗನಲ್ಲ, ಅವಳ ಮೇಲಿನ ಕಾಳಜಿಗೇ ಹೇಳಿದ್ದು. “ಈಗ ಕಳ್ಸು. ತೇವದ್ದು ಮುಂದಿನ ಪೇಪರ್‌ಗೆ ಆಗತ್ತೆ.”

“ಟೈಟಲ್‌ನಲ್ಲಿ ಮ್ಯಾನ್‌ಹೋಲ್ ಅಂತಿದೆ ಕಣೋ. ಮ್ಯಾನ್‌ಹೋಲ್ ಒಳಗೆ ಒಣ ಗಾಳಿ ಎಲ್ಲಿರತ್ತೆ?”

ಅವಳು ಎದ್ದು ನೇರ ಗೈಡ್ ಮೇಡಂ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ, ಅಪರಾಧಿಯ ಹಾಗೆ. ಮೇಡಂ ಎಲ್ಲ ಕೇಳಿಸಿಕೊಂಡರು. ಅವರ ಪ್ರಾಜೆಕ್ಟಿನ ರಿವ್ಯೂ ಹತ್ತಿರದಲ್ಲಿತ್ತು, ಕಮಿಟಿಗೆ ತೋರಿಸಬೇಕೆಂದುಕೊಂಡಿದ್ದು ಈ ಪೇಪರನ್ನೇ. ಕೊನೆಗೆ, “ಕೆಲಸ ನಿಂದು. ನೀನೇ ಹೇಳು” ಎಂದರು.

“ಕಳ್ಸೋದು ಬೇಡ ಮೇಡಂ.”

“ಸರಿ. ನಾಳೆಯಿಂದ ಆವಿ ಕೊಟ್ಟು ಪೂರ್ತಿ ಅಳೆಯೋಣ. ಕಮಿಟಿಗೆ ನಾನು ಹೇಳ್ಕೋತೀನಿ.”

ವಾಪಸ್ ಬರುವಾಗ ಮೆಟ್ರೊದಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಸಮಾಧಾನ ಮಾಡಲು ಹೋಗಿ ನಾನು ಕೇಳಬಾರದ್ದನ್ನೇ ಕೇಳಿದೆ. “ಕಳ್ಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಲ್ವಾ?”

“ಮ್ಯಾನ್‌ಹೋಲ್‌ಗೆ ಇಳಿಬಿಟ್ರೆ ಇದು ಯಾವಾಗ್ಲೂ ಕಿರುಚ್ಕೋತಾನೇ ಇರತ್ತೆ ಆಂಟಿ. ಸುಮ್ನೆ ಕಿರುಚೋ ಅಲಾರಂನ ಜನ ಏನ್ಮಾಡ್ತಾರೆ? ಆಫ್ ಮಾಡ್ತಾರೆ. ಆಮೇಲೆ ಒಳಗೆ ಇಳೀತಾರೆ.”

ಮಾರನೆಯ ದಿನ ಶಿವಣ್ಣ ಮೆಟ್ಟಿಲು ಹತ್ತಿ ಬಂದರು. ಕಾಫಿ ಕೊಟ್ಟೆ, ಕುಡಿಯಲಿಲ್ಲ. “ಮೇಡಂ, ನೀವು ನಿನ್ನೆ ಹೋಗದೇ ಇದ್ದಿದ್ರೆ ಪೇಪರ್ ಹೋಗ್ತಿತ್ತಲ್ಲ?” ಎಂದರು. ಮುಖದಲ್ಲಿ ನಗು ಇತ್ತು, ಆದರೆ ಪೂರ್ತಿ ತಮಾಷೆಯಲ್ಲ. ಹೋಗುತ್ತಿತ್ತು, ಹೌದು.

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಪೇಪರಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾವೂ ಬದುಕುವುದು ಹೀಗೇ ಅಲ್ಲವೇ? ಮನೆ ಬಾಡಿಗೆಗೆ ಕೊಡುವಾಗ ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ ಅನ್ನುತ್ತೇವೆ. ಬರುತ್ತದೆ, ವಾರದಲ್ಲಿ ಯಾವಾಗಲೋ. ಸಂಬಂಧ ಕುದುರಿಸುವಾಗ ಹುಡುಗನಿಗೆ ಕೋಪವೇ ಬರುವುದಿಲ್ಲ ಅನ್ನುತ್ತೇವೆ. ಬರುವುದಿಲ್ಲ, ನೆಂಟರೆದುರಿಗೆ. ‘ಕಂಡೀಷನ್ಸ್ ಅಪ್ಲೈ’ ಎಂದು ಸಣ್ಣಕ್ಷರದಲ್ಲಿ ಬರೆದು ನೆಮ್ಮದಿಯಾಗಿ ನಿದ್ದೆ ಮಾಡುವವರು ನಾವು. ಸುಳ್ಳು ಹೇಳಿಲ್ಲವಲ್ಲ!

ಆವಿ ಕೊಟ್ಟು ಅಳೆದಾಗ ಚೈತ್ರಾಳ ಅನುಮಾನ ನಿಜವಾಯಿತು. ಗ್ಯಾಸ್ ಯಾವುದು, ತೇವ ಯಾವುದು ಎಂದು ಸೆನ್ಸರಿಗೆ ಗೊತ್ತಾಗುತ್ತಿಲ್ಲ. ಈಗ ಅವಳು ನೀರನ್ನು ಒಳಗೆ ಬಿಡದ ಇನ್ನೊಂದು ಪದರ ಹಚ್ಚುವ ಪ್ರಯತ್ನದಲ್ಲಿದ್ದಾಳೆ. ಮೊದಲನೆಯದು ಸಿಪ್ಪೆಯ ಹಾಗೆ ಸುಲಿದು ಬಂತಂತೆ. ಮೊನ್ನೆಯದು ನಿಂತಿದೆ, ಆದರೆ ಗ್ಯಾಸನ್ನೂ ಒಳಗೆ ಬಿಡುತ್ತಿಲ್ಲವಂತೆ! ಗಂಡಿನ ಕಡೆಯವರು ಕಾಯುತ್ತೇವೆ ಅಂದಿದ್ದಾರೆ. ಎಲ್ಲಿಯವರೆಗೆ ಅಂತ ಹೇಳಿಲ್ಲ.

ಹೋದ ಭಾನುವಾರ ಗೇಟಿನ ಹತ್ತಿರ ಎದುರು ಮನೆಯವರು, “ಏನ್ರೀ, ಮಗಳ ಪೇಪರ್ ಬಂತಾ?” ಎಂದು ಶಿವಣ್ಣನವರನ್ನು ಕೇಳುತ್ತಿದ್ದರು. ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

“ಇಲ್ರೀ” ಎಂದರು ಶಿವಣ್ಣ. ತುಸು ಗಟ್ಟಿಯಾಗಿಯೇ ಸೇರಿಸಿದರು: “ಅವ್ಳೇ ಬ್ಯಾಡ ಅಂದ್ಲು.”

ಯಾರಾದರೂ ಕೇಳಿದರೆ ನಿಜ ಹೇಳುವುದು ಅಂಥ ಕಷ್ಟವೇನಲ್ಲ; ಯಾರೂ ಕೇಳದಿದ್ದಾಗ?