ಹೆರಿಗೆಯಾದ ಊರು

ವಿದ್ವಾಂಸರೆಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದರಲ್ಲೂ ಮೂವರು ವಿದ್ವಾಂಸರು ಕೂಡಿ ಮಾಡುವ ಕೆಲಸವೆಂದರೆ ದೂರದಿಂದಲೇ ಕೈ ಮುಗಿಯುತ್ತೇನೆ.

ನಿಜಾಮನ ಆಳ್ವಿಕೆ ಹೋಗಿತ್ತು, ಕನ್ನಡ ನಾಡಿಗೆ ನಾವಿನ್ನೂ ಸೇರಿರಲಿಲ್ಲ. ಅಂಥ ಎಡಬಿಡಂಗಿ ವರ್ಷಗಳು ಅವು. ನಾನು ಯಾದಗಿರಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಓದಿದ್ದು ಉರ್ದುವಿನಲ್ಲಿ, ಇಂಗ್ಲಿಷನ್ನು ಹಟಕ್ಕೆ ಬಿದ್ದು ಕಲಿತಿದ್ದೆ. ಹಾಗಾಗಿ ಮೂವರು ಡಾಕ್ಟರರು ಜಂಟಿ ಸಂಶೋಧನೆಗೆಂದು ಬಂದಾಗ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಪರದೇಶದವನು, ಒಬ್ಬ ಮುಂಬಯಿಯವನು, ಮತ್ತೊಬ್ಬ ಹೈದರಾಬಾದಿನವನು. ಅವರು ಜಂಟಿಯಾಗಿದ್ದದ್ದು ಜೀಪಿನ ಸೀಟಿನಲ್ಲಿ ಮಾತ್ರ. ಪರದೇಶದವನು ಮುಂಬಯಿಯವನ ಮಾತು ಕೇಳುತ್ತಿರಲಿಲ್ಲ, ಮುಂಬಯಿಯವನು ಹೈದರಾಬಾದಿನವನನ್ನು ಕಂಪೌಂಡರನಂತೆ ಕಾಣುತ್ತಿದ್ದ. ಹೈದರಾಬಾದಿನವನು ಆ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದ.

ಸಗರದ ಆಚೆ, ಗುಡ್ಡದ ಬುಡದಲ್ಲಿ ಒಂದು ಸಣ್ಣ ಊರು. ಅಲ್ಲಿನ ಬಂಡೆಗಳಿಂದ ಕಣ್ಣಿಗೆ ಕಾಣದ ವಿಕಿರಣ ಹೊರಡುತ್ತದೆಂದು ಅವರ ಯಂತ್ರ ಟಿಕ್‌ಟಿಕ್ ಎಂದು ಬಡಿದುಕೊಂಡು ಹೇಳಿತ್ತು. ವರ್ಷಗಟ್ಟಲೆ ಆ ನೆಲದ ಮೇಲೆ ಮಲಗಿ, ಆ ಬಾವಿಯ ನೀರು ಕುಡಿದವರ ಹೊಟ್ಟೆಯಲ್ಲಿ ಎಂಥ ಮಕ್ಕಳು ಹುಟ್ಟುತ್ತವೆ ಎಂಬುದು ಅವರ ಪ್ರಶ್ನೆ. ಹೋಲಿಸಿ ನೋಡಲು ವಿಕಿರಣವಿಲ್ಲದ ಊರೊಂದು ಬೇಕಿತ್ತು. ಬಳಿಚಕ್ರವನ್ನು ಆರಿಸಿಕೊಂಡರು.

ಬಳಿಚಕ್ರ ನನ್ನೂರು. ಗುಡ್ಡದ ಊರಿಗೆ ನಮ್ಮಲ್ಲಿಂದ ಅನೇಕ ಹೆಣ್ಣುಮಕ್ಕಳನ್ನು ಕೊಟ್ಟಿದ್ದರು. ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ಅಕ್ಕ ಎರಡು ಸಲ ಹೆತ್ತಿದ್ದಳು, ಎರಡೂ ಕೂಸು ಸತ್ತೇ ಹುಟ್ಟಿದ್ದವು. ಅವಳ ಅತ್ತೆ ತನ್ನ ಮಗನಿಗೆ ಇನ್ನೊಂದು ಮದುವೆ ಮಾಡಲು ತುದಿಗಾಲಲ್ಲಿ ನಿಂತಿದ್ದಳು. ಡಾಕ್ಟರರ ಜೊತೆ ನನ್ನನ್ನು ಕಂಡು ತಡೆದಳು.

"ಮಾಸ್ತರ, ಇಷ್ಟು ದೊಡ್ಡ ಮಂದಿ ಬಂದಾರಂದ್ರ ನೋಡೇ ಬಿಡೂಣು. ನೆಲದ ದೋಷ ಅಂತ ಕಾಗದ ಬಂದ್ರ ನಿಮ್ಮಕ್ಕನ್ನ ಇಟ್ಕೋತೀನಿ. ಹೊಟ್ಟಿ ದೋಷ ಅಂದ್ರ ಆಕಿ ನಿಮ್ಮ ಮನಿಗೆ."

ಆ ಕಾಗದದ ಆಸೆಗೆ ನಾನು ಊರೂರು ತಿರುಗಿದೆ. ಬಳಿಚಕ್ರದಲ್ಲಿ ಡಾಕ್ಟರರು ಮುದುಕಿ ಸೂಲಗಿತ್ತಿಯನ್ನು ಕೂರಿಸಿಕೊಂಡು ಬರೆಯುತ್ತ ಬಂದರು. ಅಕ್ಕನ ಎರಡು ಹೆರಿಗೆಗಳೂ ಅವಳ ಬಾಯಿಂದ ಬಂದವು. ಮುಂಬಯಿಯವನು ಅವೆರಡನ್ನೂ ಬಳಿಚಕ್ರದ ಹಾಳೆಗೆ ಏರಿಸಿದ. ಹಾಳೆಯಲ್ಲಿ ಇದ್ದದ್ದು 'ಹೆರಿಗೆಯಾದ ಊರು' ಎಂಬ ಒಂದೇ ಕಾಲಂ. ತಾಯಿ ಬಾಳುವ ಊರು ಯಾವುದೆಂದು ಕೇಳುವ ಜಾಗವೇ ಇರಲಿಲ್ಲ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಚೊಚ್ಚಲು ಕೈತಪ್ಪಿದರೆ ಎರಡನೆಯದೂ ತವರಿನಲ್ಲೇ. ಬಸುರಿ ಏಳು ತಿಂಗಳು ಗುಡ್ಡದ ನೀರು ಕುಡಿದು, ಸೀಮಂತದ ಕುಬಸ ಮಾಡಿಸಿಕೊಂಡು ಬಂದು ನಮ್ಮಲ್ಲಿ ಹೆರುತ್ತಾಳೆ. ಅದು ಬಳಿಚಕ್ರದ ಹಾಳೆಯೆಂದು ನನ್ನಿಂದ ತಿಳಿದ ಸೂಲಗಿತ್ತಿಯೇ ಬರೆಯುವವನ ಕೈ ನೋಡಿ ಕೇಳಿದಳು: "ಆಕಿ ಬಾಳ್ವೇ ಮಾಡೋದು ಅಲ್ಲಿ. ಇಲ್ಲ್ಯಾಕ ಬರೀಲಿಕತ್ತಾರೋ ತಮ್ಮಾ?" ಅಕ್ಷರ ಬಾರದ ಮುದುಕಿಗೆ ಹೊಳೆದದ್ದು ಮೂವರು ಡಾಕ್ಟರರಿಗೆ ಹೊಳೆದಿರಲಿಲ್ಲ.

ಹೈದರಾಬಾದಿನವನಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಿದೆ. ಅವನು ಮುಂಬಯಿಯವನಿಗೆ ಹೇಳಿದ. ಮುಂಬಯಿಯವನು ಪರದೇಶದವನಿಗೆ ಹೇಳಲೇ ಇಲ್ಲ. ಫಾರಮು ಪರದೇಶದಿಂದಲೇ ಅಚ್ಚಾಗಿ ಬಂದದ್ದು, ಈಗ ತಕರಾರು ತೆಗೆದರೆ ಮರ್ಯಾದೆ ಏನಾಗಬೇಕು! ನನಗೆ ಸಿಕ್ಕ ಉತ್ತರ ಇಷ್ಟು: ನಿನ್ನ ಕೆಲಸ ಮಾತು ದಾಟಿಸುವುದು, ತಲೆ ಓಡಿಸುವುದಲ್ಲ. ಊದೋ ಶಂಖ ಊದಿದ್ದಾಯಿತು ಎಂದು ನಾನೂ ಸುಮ್ಮನಾದೆ. ಆ ಮೂವರನ್ನು ಎಷ್ಟು ಬೈದರೂ ಸಾಲದು, ಆದರೆ ಪರದೇಶದವನಿಗೆ ನಾನೇ ನೇರವಾಗಿ ಹೇಳಬಹುದಿತ್ತು. ಅವನೆದುರು ನನ್ನ ಇಂಗ್ಲಿಷ್ ತಪ್ಪೀತೆಂದು ಅಂಜಿದೆ.

ವರ್ಷ ಕಳೆದ ಮೇಲೆ ವರದಿಯ ಸಾರಾಂಶವೆಂದು ಇಂಗ್ಲಿಷಿನ ಎರಡು ಹಾಳೆ ಅಂಚೆಯಲ್ಲಿ ಬಂತು. ಅಕ್ಕನ ಅತ್ತೆ ಕರೆಸಿದಳು. ನಡುಮನೆಯಲ್ಲಿ ಕೂತು ಓದಿ, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಗುಡ್ಡದ ಊರಿನಲ್ಲಿ ಹುಟ್ಟುವ ಮಕ್ಕಳಿಗೆ ಯಾವ ತೊಂದರೆಯೂ ಕಂಡಿಲ್ಲ. ಸತ್ತು ಹುಟ್ಟಿದ ಕೂಸುಗಳು ಬಳಿಚಕ್ರದಲ್ಲೇ ಹೆಚ್ಚು. ಅವರ ಲೆಕ್ಕ ತಪ್ಪು, ಅದು ತವರು ಹೆರಿಗೆಯಿಂದ ಆದದ್ದು ಎಂದು ಕೊನೆಗೆ ಎಷ್ಟು ಹೇಳಿದರೂ ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

"ಡಾಕ್ಟರಕಿಂತ ನೀ ಶಾಣ್ಯಾ ಏನು? ನಮ್ಮ ನೆಲ ಚಲೋ ಅದ. ನಿಮ್ಮೂರ ಹೆಣ್ಣಿನ ಹೊಟ್ಟೀನೇ ಚಲೋ ಇಲ್ಲ."

ಅಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅದೇ ವಾರ ಟ್ರಂಕಿನೊಂದಿಗೆ ಬಳಿಚಕ್ರಕ್ಕೆ ಬಂದಳು. ಸುರಪುರದ ಕಡೆಯಿಂದ ಆ ಮನೆಗೆ ಹೊಸ ಸೊಸೆ ಬಂದಳು. ಮುಂದಿನ ವರ್ಷ ಅವಳೂ ತವರಿಗೆ ಹೋಗಿ ಹೆತ್ತಳು, ಕೂಸು ಉಳಿಯಲಿಲ್ಲ.

ಆ ಸುದ್ದಿ ತಂದವನು ನಾನೇ. ಅಕ್ಕ ಜೋಳ ಹಸನು ಮಾಡುತ್ತಿದ್ದಳು. ನಾನು ನಿಂತಲ್ಲೇ ಡಾಕ್ಟರರನ್ನು ಬಾಯಿಗೆ ಬಂದಂತೆ ಬೈದೆ. ಅವಳು ಮೊರ ಕೆಳಗಿಟ್ಟು ಕೇಳಿದಳು:

"ಅವ್ರನ್ನ ಯಾಕ ಬೈತಿ? ಆ ಊರಾಗ ಇಂಗ್ಲಿಷ್ ಬರ್ತಿದ್ದಾಂವ ನೀ ಒಬ್ಬನೇ. ನೆಲದ ದೋಷ ಅದ ಅಂತ ಬರದಾರ ಅಂದು ಓದಿದ್ರ, ಅದು ಸುಳ್ಳಂತ ಯಾರು ಹೇಳ್ತಿದ್ರೋ?"

ಹಾಗೆ ಓದಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.