ಒಂದೇ ಸ್ಲೇಟು

ಮತ್ತೆ ಅಡ್ಡಿ. ನಾನು ಬಸ್ತಿಹಳ್ಳಿಯ ಹೆಂಗಸರಿಗೆ ಅಕ್ಷರ ಕಲಿಸಲು ಕೂತಾಗಲೇ ನನ್ನ ಮಗುವಿಗೆ ಹಸಿವಾಗಬೇಕು. ಅವನನ್ನು ಮಡಿಲಿಗೆ ಹಾಕಿಕೊಂಡೇ, ಇದ್ದ ಒಂದು ಸ್ಲೇಟನ್ನು ನಾಗಮ್ಮನಿಗೆ ಕೊಟ್ಟೆ. ಅವಳ ಮನೆಮಾತು ತೆಲುಗು. ಕನ್ನಡ ಅಕ್ಷರ ಹತ್ತೀತೇ ಎಂದು ಊರೇ ನಕ್ಕಿತ್ತು.

“ಗಂಡನ ಹೆಸರು ಹೇಳಂಗಿಲ್ಲ, ಬರೀಬೋದಾ ಅಮ್ಮಾವ್ರೇ?” ಅಂದಳು.

“ಬರಿ ಕಣಮ್ಮ, ಬಳಪಕ್ಕೆ ಬಾಯಿಲ್ಲ.”

ಯಾರನ್ನೂ ಕೇಳದೆ ‘ತಿಮ್ಮಯ್ಯ’ ಅಂತ ಬರೆದೇಬಿಟ್ಟಳು. ನನಗೆ ಎದ್ದು ಕುಣಿಯುವಷ್ಟು ಖುಷಿ. ಪಕ್ಕದಲ್ಲಿದ್ದ ಕೆಂಪಮ್ಮನಿಗೂ ಹುರುಪು ಬಂತು.

“ಒರೆಸಿ ಕೊಡೇ, ನಮ್ಮನೆಯೋರ್ದೂ ಬರೀತೀನಿ.”

ನಾಗಮ್ಮ ಸ್ಲೇಟನ್ನು ತಲೆಯ ಮೇಲಕ್ಕೆತ್ತಿ ಹಿಡಿದಳು. ಅರಸೀಕೆರೆಯ ತರಬೇತಿಯಲ್ಲಿ ನಮಗೆ ಬರೆಸುವುದನ್ನಷ್ಟೇ ಹೇಳಿಕೊಟ್ಟಿದ್ದರು, ಒರೆಸಿಸುವುದನ್ನಲ್ಲ. ಅವಳು ನನ್ನನ್ನೇ ಕೇಳಿದಳು:

“ಬದುಕಿರೋ ಗಂಡನ ಹೆಸರನ್ನ ನನ್ ಕೈಯಾರೆ ಹೆಂಗೆ ಒರೆಸ್ಲಿ ಅಮ್ಮಾವ್ರೇ?”